ಚೌಡಿಗೆ ಹೇಳಿದ ನಂಬರು

“ಮಂಗಳವಾರ ಬೆಳಿಗ್ಗೆ ಎಂಟೂ ಹತ್ತಕ್ಕೆ ಆ ಬಸ್ಸು ಇಲ್ಲೇ ನಿಂತಿತ್ತು ಮೇಡಂ. ಬೇಕಾದ್ರೆ ಬುಕ್ಕು ನೋಡಿ.”

ಸಾಗರದ ಹತ್ತಿರದ ರೈಲ್ವೆ ಗೇಟ್ ಕಾಯುವ ವಿನಯಾ ಪುಸ್ತಕವನ್ನು ನನ್ನ ಕೈಗೆ ಕೊಡಲಿಲ್ಲ. ತಾನೇ ಹಿಡಿದುಕೊಂಡು ಪುಟ ತೋರಿಸಿದಳು. ಗೇಟಿನ ಪುಸ್ತಕ ಹೊರಗಿನವರ ಕೈಗೆ ಹೋಗಬಾರದು ಎಂಬುದು ಅವಳ ಶಿಸ್ತು. ನನಗೆ ಅದು ಇಷ್ಟವಾಯಿತು. ನಮ್ಮ ಆಫೀಸಿನಲ್ಲಿ ಇಂಥವರು ಇಬ್ಬರಿದ್ದರೂ ಸಾಕಿತ್ತು.

ನಾನು ಬಗ್ಗಿ ಓದಿದೆ. ತಾಳಗುಪ್ಪದ ಕಡೆಯಿಂದ ಬರುವ ಬೆಳಗಿನ ರೈಲಿಗೆ ಎಂಟೂ ಎರಡಕ್ಕೆ ಗೇಟ್ ಹಾಕಿದ್ದಾಳೆ, ಎಂಟೂ ಹದಿಮೂರಕ್ಕೆ ತೆಗೆದಿದ್ದಾಳೆ. ಪಕ್ಕದಲ್ಲಿ ಸ್ಟೇಷನ್ ಮಾಸ್ಟರು ಫೋನಿನಲ್ಲಿ ಕೊಟ್ಟ ಗುಪ್ತ ಸಂಖ್ಯೆ. ಅದೇ ಸಂಖ್ಯೆ, ಅದೇ ಸಮಯ ಸ್ಟೇಷನ್ನಿನ ಪುಸ್ತಕದಲ್ಲೂ ಇರುತ್ತದೆ. ಒಬ್ಬರು ತಿದ್ದಿದರೆ ಇನ್ನೊಬ್ಬರದು ಹೊಂದುವುದಿಲ್ಲ.

ಕೊನೆಯ ಕಾಲಮ್ಮಿನಲ್ಲಿ ದುಂಡಗಿನ ಅಕ್ಷರ: “ಹೊನ್ನಕ್ಕಿ ಬಸ್ಸು, 4417. ಎಡಗನ್ನಡಿ ಗೇಟಿನ ಕಂಬಿಗೆ ತಾಗಿದೆ. ಕಂಬಿಗೆ ಹಾನಿ ಇಲ್ಲ.”

“ನಂಬರ್ ನೋಡಿಯೇ ಬರೆದದ್ದಾ?”

“ಹೌದು ಮೇಡಂ. ಕಂಬಿಗೆ ತಾಗಿದ್ರೆ ಬರೀಲೇಬೇಕು. ನಂಗೆ ಬೇಜಾರಾಯ್ತು, ನಮ್ಮಮ್ಮ ಊಟದ ಡಬ್ಬಿ ಕೊಟ್ಟು ಕಳ್ಸೋದು ಅದೇ ಬಸ್ಸಲ್ಲಿ. ಆದ್ರೂ ಬರ್ದೆ.”

ಅದೇ ಮಂಗಳವಾರ, ಅದೇ ಎಂಟೂ ಹತ್ತಕ್ಕೆ, ಇಲ್ಲಿಂದ ಏನಿಲ್ಲವೆಂದರೂ ಐವತ್ತು ಕಿಲೋಮೀಟರ್ ಆಚೆ, ತೀರ್ಥಹಳ್ಳಿ–ಹೊಸನಗರ ರಸ್ತೆಯ ಇಳಿಜಾರಿನ ತಿರುವಿನಲ್ಲಿ 4417 ನಂಬರಿನ ಹೊನ್ನಕ್ಕಿ ಬಸ್ಸು ಬ್ರೇಕ್ ಹಿಡಿಯದೆ ಉರುಳಿ ಇಬ್ಬರು ಸತ್ತಿದ್ದರು.

ಒಂದು ಬಸ್ಸು ಎರಡು ಕಡೆ ಇರಲು ಸಾಧ್ಯವಿಲ್ಲ. ಬುಧವಾರ ಆ ಬಸ್ಸಿನ ಬ್ರೇಕ್ ನೋಡಿದಾಗಿನಿಂದ ನನ್ನ ತಲೆಯಲ್ಲಿ ಕೊರೆಯುತ್ತಿದ್ದದ್ದು ಈಗ ಮೊದಲ ಬಾರಿಗೆ ಕಾಗದದ ಮೇಲೆ ಸಿಕ್ಕಿತ್ತು.

ಜನ ನನ್ನನ್ನು ಬ್ರೇಕ್ ಇನ್ಸ್‌ಪೆಕ್ಟರ್ ಎನ್ನುತ್ತಾರೆ. ಸರ್ಕಾರದ ಹೆಸರು ಇನ್ನೂ ಉದ್ದವಿದೆ. ಅಪಘಾತವಾದ ಗಾಡಿಯನ್ನು ನೋಡಿ, ದೋಷ ಯಂತ್ರದ್ದೋ ಅಲ್ಲವೋ ಎಂದು ಪೊಲೀಸರಿಗೆ ಬರೆದುಕೊಡುವುದು ನನ್ನ ಕೆಲಸ. ಈ ಬಸ್ಸಿನ ವರದಿಯನ್ನು ಇವತ್ತು ಶುಕ್ರವಾರ ಸಂಜೆ ಐದಕ್ಕೆ ಹೊಸನಗರ ಸ್ಟೇಷನ್ನಿಗೆ ಕೊಡಬೇಕಿತ್ತು. ನಾಳೆ ಡ್ರೈವರ್ ಶೇಷಪ್ಪನಿಗೆ ಆಸ್ಪತ್ರೆಯಿಂದ ಬಿಡುಗಡೆ. ವರದಿ ಅವನಿಗೆ ವಿರುದ್ಧವಾದರೆ ಆಸ್ಪತ್ರೆಯ ಬಾಗಿಲಲ್ಲೇ ಅರೆಸ್ಟ್.

ಕಾಗದದ ಪ್ರಕಾರ ಅವನು ಆಗಲೇ ಮುಳುಗಿದ್ದ. 4417ಕ್ಕೆ ತೆರಿಗೆ ಕಟ್ಟಿದೆ, ವಿಮೆ ಇದೆ, ಪರ್ಮಿಟ್ ಇದೆ. ಮೂರು ತಿಂಗಳ ಹಿಂದೆ ಗಾಡಿ ಓಡಲು ಯೋಗ್ಯವೆಂದು ಎಫ್‌ಸಿ ಕೊಟ್ಟವಳು ನಾನೇ. ಬ್ರೇಕ್ ಸರಿಯಿದೆ ಎಂದು ಸರ್ಕಾರವೇ ಹೇಳಿದ ಮೇಲೆ ತಪ್ಪು ಯಾರದು? ಸ್ಟಿಯರಿಂಗ್ ಹಿಡಿದವನದು. ಹೊನ್ನಕ್ಕಿ ಬಸ್ಸಿನ ಮಾಲೀಕ ಪೂರ್ಣೇಶ್ ಮೊದಲ ದಿನದಿಂದ ಹೇಳುತ್ತಿದ್ದದ್ದು ಇದನ್ನೇ.

“ಆವತ್ತು ಗೇಟಲ್ಲಿ ನಿಂತಿದ್ದ ಬಸ್ಸಿಗೆ ಡ್ರೈವರ್ ಯಾರು?” ಎಂದೆ.

“ಯಾರೋ ಹೊಸಬ್ರು. ಶೇಷಪ್ಪಣ್ಣ ಆಗಿದ್ರೆ ಕನ್ನಡಿ ತಾಗಿಸ್ತಿದ್ರಾ? ಗೇಟ್ ಇಳಿಯೋದು ಕಂಡ್ರೆ ಅವ್ರು ಅಲ್ಲೇ ಮರದ ಬುಡದಲ್ಲಿ ನಿಲ್ಸೋರು.” ವಿನಯಾ ಬೆರಳು ಮಡಚಿ ಲೆಕ್ಕ ಹಾಕಿದಳು. “ಅವ್ರು ಈ ಬಸ್ಸಲ್ಲಿ ಬರದೆ ಹದಿನೈದು ದಿನ ಆಗಿತ್ತು ಮೇಡಂ. ಯಾಕೆ ಬದ್ಲಾಯಿಸಿದ್ರು ಅಂತ ಕಂಡಕ್ಟರ್‌ನ ಕೇಳ್ದೆ. ಅವ್ನು ಬಾಯಿ ಬಿಡ್ಲಿಲ್ಲ.”

ಹದಿನೈದು ದಿನ. ಅದನ್ನು ಬರೆದುಕೊಂಡೆ. ಯಾಕೆ ಎಂಬುದು ನನಗೂ ಗೊತ್ತಿರಲಿಲ್ಲ.

ಹೊರಗೆ ಜೀಪಿನಲ್ಲಿ ದುಗ್ಗಪ್ಪ ಕಾಯುತ್ತಿದ್ದ. ಇಪ್ಪತ್ತೆಂಟು ವರ್ಷದಿಂದ ಇಲಾಖೆಯ ಜೀಪು ಓಡಿಸುವವನು. ನನಗಿಂತ ಮೊದಲು ಬಂದ ಒಂಬತ್ತು ಇನ್ಸ್‌ಪೆಕ್ಟರುಗಳ ಸ್ವಭಾವ ಅವನಿಗೆ ಬಾಯಿಪಾಠ.

“ಎಲ್ಲಿಗೆ ಮೇಡಂ? ಆಫೀಸಿಗಾ?”

“ಪೂರ್ಣೇಶನ ಶೆಡ್ಡಿಗೆ.”

“ಹಾಗಾದ್ರೆ ಇವತ್ತೂ ಊಟ ಇಲ್ಲ ಅಂತಾಯ್ತು,” ಎಂದು ಗೇರ್ ಹಾಕಿದ.

ಪೂರ್ಣೇಶನ ಹತ್ತಿರ ಒಂದೇ ವರ್ಷದ, ಒಂದೇ ಮಾದರಿಯ ಎರಡು ಬಸ್ಸುಗಳಿದ್ದವು. ಒಂದು 4417. ಇನ್ನೊಂದು 2290. ಎರಡು ವರ್ಷದ ಹಿಂದೆ ಅವನು 2290ನ್ನು ಇನ್ನು ಓಡಿಸುವುದಿಲ್ಲವೆಂದು ಬರೆದುಕೊಟ್ಟು ಅದರ ದಾಖಲೆಗಳನ್ನೆಲ್ಲ ನಮ್ಮ ಆಫೀಸಿಗೆ ಒಪ್ಪಿಸಿದ್ದ. ಹಾಗೆ ಒಪ್ಪಿಸಿದ ಗಾಡಿ ನಿಂತಲ್ಲೇ ನಿಂತಿರಬೇಕು. ನಿಂತಷ್ಟು ಕಾಲ ಅದಕ್ಕೆ ತೆರಿಗೆ ಇಲ್ಲ, ಎಫ್‌ಸಿ ಬೇಡ, ವಿಮೆಯನ್ನು ಕೇಳುವವರಿಲ್ಲ. ವರ್ಷಕ್ಕೊಮ್ಮೆ ನಮ್ಮವರು ಹೋಗಿ ಗಾಡಿ ಶೆಡ್ಡಿನಲ್ಲಿದೆಯೇ ಎಂದು ನೋಡಿಕೊಂಡು ಬರಬೇಕು. ಹೋಗುವ ದಿನವನ್ನು ನಾವೇ ಮೊದಲು ಪತ್ರ ಬರೆದು ತಿಳಿಸುತ್ತೇವೆ. ಗಾಡಿ ಇರುತ್ತದೆ. ಇಲ್ಲದೆ ಏನು ಮಾಡೀತು?

ನನ್ನ ಅನುಮಾನ ಸರಳವಾಗಿತ್ತು. ಪೂರ್ಣೇಶ್ ಎರಡೂ ಬಸ್ಸಿಗೆ 4417ರ ಪ್ಲೇಟು ಹಾಕಿ, ಬೆಳಿಗ್ಗೆ ಒಂದನ್ನು ಸಾಗರದಿಂದ, ಇನ್ನೊಂದನ್ನು ತೀರ್ಥಹಳ್ಳಿಯಿಂದ ಬಿಡುತ್ತಿದ್ದ. ಎರಡಕ್ಕೂ ಒಂದೇ ಬಣ್ಣ, ಹಣೆಯ ಮೇಲೆ ಒಂದೇ ಹೆಸರು. ನಮ್ಮ ಕಡೆ ಬಸ್ಸಿನ ನಂಬರನ್ನು ಯಾರು ನೋಡುತ್ತಾರೆ? ಹೊನ್ನಕ್ಕಿ ಬಂತು ಅನ್ನುತ್ತಾರೆ, ಹತ್ತುತ್ತಾರೆ. ಉರುಳಿದ್ದು ಎಫ್‌ಸಿ ಇಲ್ಲದ 2290. ಉರುಳಿದ ಮೇಲೆ ಒಳ್ಳೆಯ ಬಸ್ಸಿಗೆ 2290ರ ಪ್ಲೇಟು ಹಾಕಿ ಶೆಡ್ಡಿಗೆ ತಳ್ಳಿದ್ದಾನೆ.

ಹಾಗೆಂದು ಬರೆದರೆ ಸಾಲದು, ತೋರಿಸಬೇಕು. ಹೊಸನಗರ ಸ್ಟೇಷನ್ ಆವರಣದಲ್ಲಿ ಬಿದ್ದಿರುವ ಬಸ್ಸಿನ ಚೌಕಟ್ಟಿನ ಮೇಲೆ ಕಂಪನಿ ಕೊರೆದ ಚಾಸಿ ನಂಬರನ್ನು ಬುಧವಾರವೇ ಹುಡುಕಿದ್ದೆ. ಆ ಜಾಗದಲ್ಲಿ ಹಳೆಯ ಕಬ್ಬಿಣದ ಪಟ್ಟಿಯೊಂದನ್ನು ಬೆಸುಗೆ ಹಾಕಿದ್ದರು.

ಶೆಡ್ಡು ಹೊಸನಗರದ ರಸ್ತೆಯಲ್ಲೇ, ಒಂದು ಗುಡ್ಡದ ಪಕ್ಕ. ಪೂರ್ಣೇಶ್ ಬಾಗಿಲಲ್ಲೇ ನಿಂತಿದ್ದ. ನಲವತ್ತೈದರ ಆಳು, ಕನ್ನಡಕವನ್ನು ಅಂಗಿಯ ತುದಿಯಲ್ಲಿ ಒರೆಸುವ ಚಾಳಿ. ನಾವು ಬರುವ ಸುದ್ದಿ ಅವನಿಗೆ ಮೊದಲೇ ತಲುಪಿತ್ತು. ಈ ರಸ್ತೆಯಲ್ಲಿ ಇಲಾಖೆಯ ಜೀಪಿಗಿಂತ ಮುಂದೆ ಸುದ್ದಿ ಓಡುವುದು ಹೊಸತೇನಲ್ಲ.

“ಫೋನ್ ಮಾಡಿದ್ರೆ ನಾನೇ ಆಫೀಸಿಗೆ ಬರ್ತಿದ್ನಲ್ಲ ಮೇಡಂ. ಸುಮ್ನೆ ಯಾಕೆ ತೊಂದ್ರೆ ತಗಂಡ್ರಿ?”

“ನೀವು ಬರಬಹುದು. ಬಸ್ಸು ಬರಬೇಕಲ್ಲ. ಬಾಗಿಲು ತೆಗೆಸಿ.”

ಮೆಕ್ಯಾನಿಕ್ ದುರ್ಗೇಶ್ ಬಾಗಿಲು ತಳ್ಳಿದ. ಮುಖ ಎತ್ತಲಿಲ್ಲ. ಒಳಗೆ ಹೊನ್ನಕ್ಕಿ ನಿಂತಿತ್ತು. ಪ್ಲೇಟಿನ ಮೇಲೆ 2290. ಮೈತುಂಬ ಧೂಳು. ಆದರೆ ಧೂಳು ಕೂಡ ಕೂರುವ ರೀತಿಯಲ್ಲಿ ಕೂರಬೇಕು. ಇಲ್ಲಿ ಮೇಲೂ ಕೆಳಗೂ ಒಂದೇ ಸಮನಾಗಿತ್ತು, ಯಾರೋ ಬುಟ್ಟಿಯಲ್ಲಿ ತಂದು ಎರಚಿದ ಹಾಗೆ.

“ಎರಡು ವರ್ಷದಿಂದ ಅಲುಗಾಡಿಲ್ಲ,” ಎಂದ ಪೂರ್ಣೇಶ್.

ನಾನು ಎಡಗಡೆಗೆ ಹೋದೆ. ಕನ್ನಡಿಯ ಕೈಯ ಮೇಲೆ ಹೊಸ ಗೀರು. ಗೀರಿನೊಳಗೆ ಕೆಂಪು ಬಣ್ಣ, ಅದರ ಪಕ್ಕ ಬಿಳಿ. ರೈಲ್ವೆ ಗೇಟಿನ ಕಂಬಿಯ ಬಣ್ಣ.

“ಅಲುಗಾಡದ ಬಸ್ಸಿಗೆ ಇದು ಹೇಗಾಯ್ತು?”

“ಶೆಡ್ಡಿಗೆ ಹಾಕುವಾಗ ಎಂತದೋ ತಾಗಿರ್ಬೇಕು. ಅಲ್ದನಾ ದುರ್ಗೇಶ?”

ದುರ್ಗೇಶ್ ಬಾಗಿಲಿನ ಚಿಲಕ ಸರಿಮಾಡುವವನಂತೆ ಅತ್ತ ತಿರುಗಿದ.

ಚಾಸಿ ನಂಬರಿನ ಜಾಗಕ್ಕೆ ಟಾರ್ಚ್ ಬಿಟ್ಟೆ. ಮೂರು ತಿಂಗಳ ಹಿಂದೆ ಇದೇ ಜಾಗದಿಂದ ನಾನು ಕಾಗದವಿಟ್ಟು ಪೆನ್ಸಿಲ್ ಉಜ್ಜಿ ನಂಬರಿನ ಅಚ್ಚು ತೆಗೆದುಕೊಂಡಿದ್ದೆ. ಈಗ ಅಲ್ಲಿ ನಂಬರೇ ಇಲ್ಲ. ಗ್ರೈಂಡರಿನಲ್ಲಿ ಉಜ್ಜಿದ ಹೊಳಪಿನ ಮೇಲೆ ಕಪ್ಪು ಬಣ್ಣ ಬಳಿದಿದ್ದರು. ಬಣ್ಣ ಬೆರಳಿಗೆ ಅಂಟಿತು.

“ತುಕ್ಕು ಹಿಡಿದಿತ್ತು, ಉಜ್ಜಿಸ್ದೆ,” ಎಂದ ಪೂರ್ಣೇಶ್. “ನಿಮಗೆ ಅನುಮಾನ ಇದ್ರೆ ಲ್ಯಾಬಿಗೆ ಕಳ್ಸಿ ಮೇಡಂ. ಆರು ತಿಂಗಳೋ, ವರ್ಷವೋ, ಬರ್ಲಿ ರಿಪೋರ್ಟು. ನಾನೇನು ಊರು ಬಿಟ್ಟು ಹೋಗ್ತೀನಾ?”

ಅವನ ಲೆಕ್ಕ ಅದೇ ಆಗಿತ್ತು. ಲ್ಯಾಬಿನ ಉತ್ತರ ಬರುವ ಹೊತ್ತಿಗೆ ಶೇಷಪ್ಪ ಜೈಲಿನಲ್ಲಿರುತ್ತಾನೆ. ನನಗೆ ಮೈ ಉರಿಯಿತು. ಆದರೆ ಉರಿದುಕೊಂಡು ತನಿಖೆ ಮಾಡಲು ಬರುವುದಿಲ್ಲ. ಸುಮ್ಮನೆ ಬಸ್ಸು ಹತ್ತಿ ಡ್ರೈವರ್ ಸೀಟಿನಲ್ಲಿ ಕೂತೆ.

ಕೂತಾಗ ಮೊಣಕಾಲಿಗೆ ಏನೋ ತಾಗಿತು. ಮೂರು ತಿಂಗಳ ಹಿಂದೆಯೂ ಹೀಗೇ ತಾಗಿತ್ತು.

ಎಫ್‌ಸಿಗೆ ಗಾಡಿ ತಂದಿದ್ದವನು ಶೇಷಪ್ಪ. ಬ್ರೇಕ್ ಪರೀಕ್ಷೆಗೆ ನಾನೇ ಸೀಟಿನಲ್ಲಿ ಕೂತಿದ್ದೆ. “ಅದಕ್ಕೆ ಕಾಲು ತಾಗಿಸ್ಬೇಡಿ ಮೇಡಂ,” ಎಂದು ಅವನು ಗಾಬರಿಯಿಂದ ಕೈ ಮುಗಿದಿದ್ದ. “ಚೌಡಿ ತಗಡು. ಯಜಮಾನ್ರ ಅಮ್ಮ ಮೂಕಮ್ಮನವ್ರು ಗಾಡಿ ನಂಬರ್ ಬರ್ಸಿ ಕಟ್ಸಿದ್ದು.”

ಬ್ಯಾಕೋಡಿನ ಹತ್ತಿರ ಪೂರ್ಣೇಶನ ಮನೆತನ ಕಾಯುವ ದೇವತೆ ಚೌಡಿಯ ನೆಲೆ ಇದೆ. ಮೂಕಮ್ಮ ವರ್ಷಕ್ಕೊಮ್ಮೆ ಅಲ್ಲಿ ಪೂಜೆ ಮಾಡಿಸಿ, ಅಂಗೈಯಗಲದ ತಾಮ್ರದ ತಗಡಿನ ಮೇಲೆ ಮೊಳೆಯಿಂದ ನಂಬರು ಕೊರೆಸಿ ತರುತ್ತಾರೆ. ಯಾವ ಗಾಡಿ ಕಾಯಬೇಕೆಂದು ಚೌಡಿಗೆ ತಿಳಿಯಬೇಕಲ್ಲ.

ನಾನು ಬಗ್ಗಿ ಟಾರ್ಚ್ ಹಿಡಿದೆ. ಕುಂಕುಮ ಮೆತ್ತಿದ ತಗಡು. ನಾಲ್ಕು ಮೂಲೆಯಲ್ಲಿ ನಾಲ್ಕು ಸ್ಕ್ರೂ. ನಡುವೆ ಕೊರೆದ ಅಂಕಿ.

4417.

“ಪೂರ್ಣೇಶ್, ಸ್ವಲ್ಪ ಬನ್ನಿ.”

ಅವನು ಬಂದು ನೋಡಿದ. ಕನ್ನಡಕ ತೆಗೆದು ಒರೆಸಿದ. ಮತ್ತೆ ನೋಡಿದ. ಆಮೇಲೆ ದುರ್ಗೇಶನ ಕಡೆ ತಿರುಗಿದ.

“ಎಲ್ಲಾ ತೆಗೆದೆ ಅಂದ್ಯಲ್ಲೋ?”

“ಪ್ಲೇಟ್ ತೆಗೆದೆ, ನಂಬರ್ ಉಜ್ಜಿದೆ.” ದುರ್ಗೇಶ್ ಮೊದಲ ಬಾರಿಗೆ ಬಾಯಿಬಿಟ್ಟ. “ಚೌಡಿ ತಗಡಿಗೆ ಕೈ ಹಾಕೋದಿಲ್ಲ ಅಂತ ಅವತ್ತೇ ಹೇಳಿದ್ನಲ್ಲ ಅಣ್ಣ. ನಂಗೂ ಮಕ್ಕಳಿದಾವೆ. ನೀವೇ ತೆಗೀರಿ ಅಂದೆ. ನೀವೂ ತೆಗೀಲಿಲ್ಲ.”

ಬಾಗಿಲಲ್ಲಿ ನಿಂತಿದ್ದ ದುಗ್ಗಪ್ಪ ಮೆಲ್ಲಗೆ ಕೆಮ್ಮಿದ.

ನನಗೆ ನಗು ಬಂದದ್ದು ನಿಜ. ಸರ್ಕಾರಕ್ಕೆ ಸುಳ್ಳು ಹೇಳಿದ, ವಿಮೆಯವರಿಗೆ ಹೇಳಿದ, ಪೊಲೀಸರಿಗೂ ಹೇಳಿದ. ಚೌಡಿಯ ಮುಂದೆ ಮಾತ್ರ ಇವನ ಸ್ಕ್ರೂಡ್ರೈವರ್ ಮೇಲೇಳಲಿಲ್ಲ. ತಗಡಿನ ನಾಲ್ಕು ಫೋಟೋ ತೆಗೆದುಕೊಂಡೆ, ದುಗ್ಗಪ್ಪನನ್ನು ಸಾಕ್ಷಿಯಾಗಿ ನಿಲ್ಲಿಸಿ ಮಹಜರು ಬರೆದೆ.

ಪೂರ್ಣೇಶ್ ಬೇಗ ಸುಧಾರಿಸಿಕೊಂಡ. ಅಂಥವರು ಬಿದ್ದರೂ ಹೆಚ್ಚು ಹೊತ್ತು ನೆಲದಲ್ಲಿರುವುದಿಲ್ಲ.

“ಬರ್ಕೊಳಿ ಮೇಡಂ. ಆದ್ರೆ ತಗಡು ಸರ್ಕಾರಿ ದಾಖಲೆನಾ? ಎರಡು ಬಸ್ಸಿಗೂ ತಗಡು ಕಟ್ಸೋದು ಅಮ್ಮ. ವಯಸ್ಸಾಗಿದೆ. ಅದನ್ನ ಇದಕ್ಕೆ, ಇದನ್ನ ಅದಕ್ಕೆ ಕೊಟ್ಟಿರ್ಬಹುದು. ಕೋರ್ಟಲ್ಲಿ ಹಾಗೇ ಹೇಳ್ತೀನಿ.”

“ಹಾಗಾದ್ರೆ ಉರುಳಿದ ಬಸ್ಸಲ್ಲಿ 2290ರ ತಗಡು ಇರಬೇಕು.”

“ಇದ್ರೆ ತೋರ್ಸಿ.” ಅವನ ತುಟಿಯ ಮೇಲೆ ಮತ್ತೆ ನಗು ಬಂತು. “ಮತ್ತೆ ಒಂದು ಮಾತು. ನಿಮ್ಮ ಮೇಲೆ ನಂಗೆ ಕೋಪ ಇಲ್ಲ ಮೇಡಂ. ನೀವು ಇನ್‌ಚಾರ್ಜ್ ಇದ್ದಾಗ ನಮಗೆ ಉಪಕಾರವೇ ಮಾಡಿದ್ದೀರಿ. ನಿಮಗೆ ನೆನಪಿಲ್ಲ ಅಷ್ಟೆ.”

“ಎಂಥ ಉಪಕಾರ?”

“ಬಿಡಿ, ಕಾಲ ಬಂದಾಗ ಹೇಳ್ತೀನಿ.”

ಕಳೆದ ತಿಂಗಳು ನಮ್ಮ ಸಾಹೇಬರು ರಜೆಯಲ್ಲಿದ್ದಾಗ ಎರಡು ವಾರ ಆಫೀಸಿನ ಪ್ರಭಾರ ನನ್ನದಾಗಿತ್ತು. ಬೆಳಿಗ್ಗೆ ಟೆಸ್ಟ್ ಟ್ರ್ಯಾಕು, ಮಧ್ಯಾಹ್ನ ರಸ್ತೆ ತಪಾಸಣೆ, ಸಂಜೆ ಟಪಾಲು. ದಿನಕ್ಕೆ ಎಪ್ಪತ್ತು ಎಂಬತ್ತು ಕಾಗದ. ಪೂರ್ಣೇಶನಿಗೆ ನಾನು ಯಾವ ಉಪಕಾರವನ್ನೂ ಮಾಡಿದ ನೆನಪಿರಲಿಲ್ಲ. ಲಂಚದ ಮಸಿ ಬಳಿದು ಹೆದರಿಸುವ ಹಳೆಯ ಉಪಾಯ ಇರಬೇಕೆಂದು ಜೀಪು ಹತ್ತಿದೆ.

“ಹೆದರ್ಸಕ್ಕೆ ನೋಡ್ತಾನೆ,” ಎಂದೆ.

“ಹೆದರಿಸೋರು ಜೋರು ಮಾಡ್ತಾರೆ ಮೇಡಂ,” ಎಂದ ದುಗ್ಗಪ್ಪ. “ಇವ್ನು ಥ್ಯಾಂಕ್ಸ್ ಹೇಳ್ದ.”

ಆ ಮಾತು ನನಗೆ ಹಿಡಿಸಲಿಲ್ಲ. ಹೊಸನಗರಕ್ಕೆ ಬೇಗ ಓಡಿಸಲು ಹೇಳಿದೆ.

ಸ್ಟೇಷನ್ ಆವರಣ ತಲುಪಿದಾಗ ಮೂರೂವರೆ. ಉರುಳಿದ ಹೊನ್ನಕ್ಕಿಯನ್ನು ಮೂಲೆಯಲ್ಲಿ ನಿಲ್ಲಿಸಿದ್ದರು. ಬಲಗಡೆ ಪೂರ್ತಿ ಒಳಗೆ ಹೋಗಿತ್ತು. ಚಕ್ರ ಬಿಚ್ಚಿಸಿ ಬುಧವಾರವೇ ನೋಡಿದ್ದೆ. ಬ್ರೇಕಿನ ಲೈನಿಂಗ್ ಸವೆದು ರಿವೆಟ್ಟುಗಳು ಡ್ರಮ್ಮಿಗೆ ಉಜ್ಜುತ್ತಿದ್ದವು. ಮೂರು ತಿಂಗಳಲ್ಲಿ ಹಾಗೆ ಸವೆಯಲು ಸಾಧ್ಯವೇ ಇಲ್ಲ.

ಮುರಿದ ಬಾಗಿಲಿನಿಂದ ತೂರಿ ಸ್ಟಿಯರಿಂಗಿನ ಕೆಳಗೆ ಟಾರ್ಚ್ ಹಿಡಿದೆ.

ತಗಡು ಇರಲಿಲ್ಲ.

ಅದು ಇದ್ದ ಜಾಗ ಇತ್ತು. ಅಂಗೈಯಗಲದಷ್ಟು ಬಣ್ಣ ಮಾಸದೆ ಉಳಿದಿತ್ತು, ಅಂಚಿನಲ್ಲಿ ಕುಂಕುಮದ ಗೆರೆ, ನಾಲ್ಕು ತೂತು. ಅಪಘಾತದಲ್ಲಿ ಕಿತ್ತು ಹೋಗಿದ್ದರೆ ತೂತು ಹರಿಯಬೇಕಿತ್ತು. ಇದು ನಿಧಾನವಾಗಿ ಸ್ಕ್ರೂ ಬಿಚ್ಚಿ ತೆಗೆದದ್ದು. ‘ಇದ್ರೆ ತೋರ್ಸಿ’ ಎಂದು ಪೂರ್ಣೇಶ್ ನಕ್ಕದ್ದು ನೆನಪಾಯಿತು.

“ಇಲ್ಲಿಗೆ ಯಾರಾದ್ರೂ ಬಂದಿದ್ರಾ?” ಎಂದು ಎಸ್‌ಐ ಶ್ರೀಕರ ಅವರನ್ನು ಕೇಳಿದೆ. ವಯಸ್ಸಿನಲ್ಲಿ ನನಗಿಂತ ಚಿಕ್ಕವರು, ಮಾತಿನಲ್ಲಿ ಮರ್ಯಾದೆ, ಕೆಲಸದಲ್ಲಿ ಚುರುಕು.

“ಒಂದು ನರಪಿಳ್ಳೆಯನ್ನೂ ಬಿಟ್ಟಿಲ್ಲ ಮೇಡಂ. ಮಂಗಳವಾರದಿಂದ ಕಾವಲಿದೆ.” ಅವರು ಗಡಿಯಾರ ನೋಡಿದರು. “ನಿಮ್ಮ ರಿಪೋರ್ಟು ಐದಕ್ಕೆ ಸಿಗ್ತದಲ್ಲ? ಯಂತ್ರದ ದೋಷ ಇಲ್ಲ ಅಂತ ನೀವು ಬರೆದ್ರೆ ನಾಳೆ ಶೇಷಪ್ಪನ್ನ ಕರ್ಕೊಂಡು ಬರ್ತೀವಿ. ದೋಷ ಇದೆ ಅಂತ ಬರೆದ್ರೂ, ಮೂರು ತಿಂಗಳ ಹಿಂದೆ ನೀವೇ ಎಫ್‌ಸಿ ಯಾಕೆ ಕೊಟ್ರಿ ಅಂತ ಪೂರ್ಣೇಶನ ವಕೀಲರು ಕೇಳ್ತಾರೆ.”

“ಇದು ನಾನು ಎಫ್‌ಸಿ ಕೊಟ್ಟ ಬಸ್ಸೇ ಅಲ್ಲ ಅಂತ ಬರೆದ್ರೆ?”

“ಬರೀರಿ. ಅದಕ್ಕೆ ಆಧಾರ ಲಗತ್ತಿಸಿ. ಆಗ ನಾನು ಹುಡುಕೋದು ಪೂರ್ಣೇಶನ್ನ.”

ಅಷ್ಟು ಹೇಳಿ ಒಳಗೆ ಹೋದರು. ಆವರಣದ ಹೊಂಗೆಮರದ ಕೆಳಗೆ ಕಲ್ಲುಬೆಂಚಿತ್ತು. ಅಲ್ಲಿ ಕೂತಿದ್ದ ಹೆಂಗಸು ಎದ್ದು ನನ್ನ ಕಡೆ ಬಂದಳು. ಐವತ್ತರ ಆಸುಪಾಸು, ಕೈಯಲ್ಲಿ ಬಟ್ಟೆಯ ಚೀಲ.

“ನೀವು ಬ್ರೇಕಿನ ಮೇಡಂ ಅಲ್ದಾ? ನಾನು ಗುತ್ಯಮ್ಮ. ಶೇಷಪ್ಪನವ್ರ ಹೆಂಡ್ತಿ. ಇವತ್ತು ನೀವು ಇಲ್ಲಿಗೆ ಬರ್ತೀರಿ ಅಂತ ಸ್ಟೇಷನ್ನಲ್ಲಿ ಹೇಳಿದ್ರು. ಬೆಳಿಗ್ಗೆಯಿಂದ ಕೂತಿದೀನಿ.”

“ಶೇಷಪ್ಪ ಹೇಗಿದ್ದಾರೆ?”

“ಕಾಲಿಗೆ ರಾಡು ಹಾಕಿದಾರೆ. ರಾತ್ರಿ ನಿದ್ದೆ ಇಲ್ಲ. ಕಣ್ಣು ಮುಚ್ಚಿದ್ರೆ ಆ ಇಬ್ರು ಕಾಣ್ತಾರಂತೆ. ದಿನಾ ಹತ್ತೋರು ಮೇಡಂ, ಹೆಸ್ರು ಹಿಡಿದು ಮಾತಾಡ್ಸೋರು.” ಅವಳು ಸೆರಗಿನಲ್ಲಿ ಮೂಗು ಒರೆಸಿಕೊಂಡಳು. ಅಳಲಿಲ್ಲ. “ನಿನ್ನೆ ಸ್ವಲ್ಪ ಮಾತು ಬಂತು. ಅಕ್ಕಿ ಡಬ್ಬದಲ್ಲಿ ಇಟ್ಟಿದ್ನ ಬ್ರೇಕಿನ ಮೇಡಂ ಕೈಗೇ ಕೊಡು, ಬೇರೆ ಯಾರಿಗೂ ಕೊಡ್ಬೇಡ ಅಂದ್ರು.”

ಚೀಲದಿಂದ ಒಂದು ಕಾಗದದ ಪೊಟ್ಟಣ ತೆಗೆದಳು. ಬಿಚ್ಚಿದೆ. ಒಳಗೆ ತಾಮ್ರದ ತಗಡು. ಕುಂಕುಮದ ನಡುವೆ ಅಂಕಿ.

2290.

ನನಗೆ ಕೂಗಬೇಕೆನಿಸಿತು. ಎರಡು ಬಸ್ಸು, ಎರಡು ತಗಡು. ಗೇಟಿನ ಪುಸ್ತಕ, ಕನ್ನಡಿಯ ಗೀರು, ಉಜ್ಜಿದ ನಂಬರು, ದುರ್ಗೇಶನ ಬಾಯಿಂದ ಬಿದ್ದ ಮಾತು. ಎಲ್ಲ ಒಂದಕ್ಕೊಂದು ಕೂಡಿಕೊಂಡವು. ಉರುಳಿದ್ದು ತೆರಿಗೆಯೂ ಇಲ್ಲದ, ತಪಾಸಣೆಯೂ ಇಲ್ಲದ ಬಸ್ಸು. ಶೇಷಪ್ಪ ಉಳಿದ ಎಂದುಕೊಂಡೆ.

“ಇದನ್ನ ಅವರು ಯಾವಾಗ ತೆಗೆದ್ರು?”

“ಸೋಮವಾರ ಸಾಯಂಕಾಲ. ತೀರ್ಥಹಳ್ಳಿಲಿ ನಮ್ಮನೆ ಹತ್ರವೇ ಬಸ್ ಹಾಲ್ಟು. ಬಿಚ್ಕಂಡು ಬಂದ್ರು. ನಾಳೆ ಟ್ರಿಪ್ ಮುಗ್ಸಿ ನಾನೇ ಆಫೀಸಿಗೆ ಒಯ್ದು ತೋರಿಸ್ತೀನಿ, ಇದು ನಂಬರ್ ಇಲ್ಲದ ಗಾಡಿ, ಬ್ರೇಕೂ ಇಲ್ಲ ಅಂತ ಹೇಳ್ತೀನಿ ಅಂದ್ರು.”

ನನ್ನ ಖುಷಿ ಅಲ್ಲೇ ನಿಂತಿತು.

ಸೋಮವಾರ ಸಂಜೆ. ಅಪಘಾತದ ಹಿಂದಿನ ದಿನ. ಬ್ರೇಕ್ ಇಲ್ಲವೆಂದು ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಬೆಳಿಗ್ಗೆ ಜನ ತುಂಬಿಕೊಂಡು ಹೊರಟ. ಪ್ಲೇಟು ಬದಲಿಸಿದ್ದು ಪೂರ್ಣೇಶ್ ಎಂದು ಹೇಳುವ ತಗಡೇ, ತಿಳಿದೂ ತಿಳಿದೂ ಓಡಿಸಿದ್ದು ಶೇಷಪ್ಪ ಎಂದೂ ಹೇಳುತ್ತದೆ. ಇದನ್ನು ಕೊಟ್ಟರೆ ಇಬ್ಬರೂ ಒಳಗೆ.

“ಗುತ್ಯಮ್ಮ, ಗೊತ್ತಿದ್ದೂ ಯಾಕೆ ಓಡಿಸಿದ್ರು?” ನನ್ನ ಧ್ವನಿ ಏರಿತು. “ಬಿಟ್ಟು ಬರಬಹುದಿತ್ತಲ್ಲ?”

“ಬಿಟ್ರೆ ಬೇರೆ ಯಾರನ್ನೋ ಕೂರಿಸ್ತಾರೆ, ಅವ್ನಿಗೆ ಗಾಡಿ ಹಣೆಬರಹ ಗೊತ್ತಿರಲ್ಲ, ನಾನಾದ್ರೆ ಎರಡನೇ ಗೇರಲ್ಲೇ ಇಳಿಸ್ತೀನಿ ಅಂತಿದ್ರು.” ಅವಳು ನನ್ನನ್ನು ನೇರವಾಗಿ ನೋಡಿದಳು. “ಮತ್ತೆ ಅರ್ಜಿ ಕೊಟ್ಟಿದ್ರಲ್ಲ ಮೇಡಂ.”

“ಎಂಥ ಅರ್ಜಿ?”

“ಗಾಡಿ ಮೇಲೆ. ನಿಮ್ಮ ಆಫೀಸಿಗೇ. ಆಗ ಅವ್ರು ಸಾಗರದ ಒಳ್ಳೆ ಬಸ್ಸಲ್ಲಿದ್ರು. ಇನ್ನೊಂದು ಬಸ್ಸಿಗೆ ಬ್ರೇಕ್ ಇಲ್ಲ, ಜನ ಸಾಯ್ತಾರೆ, ಬಂದು ಹಿಡೀರಿ ಅಂತ ಬರ್ದು ಕೊಟ್ರು. ಅರ್ಜಿ ಕೊಟ್ಟ ನಾಕನೇ ದಿನಕ್ಕೆ ಯಜಮಾನ್ರು ಕರ್ಸಿದ್ರು. ಅದೇ ಅರ್ಜಿನ ಮುಖಕ್ಕೆ ಎಸೆದು, ನಿಂಗೇ ಅಷ್ಟು ಕಾಳಜಿ ಇದ್ರೆ ಆ ಗಾಡಿ ನೀನೇ ಓಡ್ಸು ಅಂದ್ರಂತೆ.”

ಹದಿನೈದು ದಿನ. ವಿನಯಾ ಬೆರಳು ಮಡಚಿ ಎಣಿಸಿದ್ದು ಕಣ್ಣ ಮುಂದೆ ಬಂತು.

“ನಮ್ಮ ಆಫೀಸಿಗೆ ಕೊಟ್ಟ ಅರ್ಜಿ ಪೂರ್ಣೇಶನ ಕೈಗೆ ಹೇಗೆ ಹೋಯ್ತು?”

“ಅದೇ ನಂಗೂ ಗೊತ್ತಾಗ್ಬೇಕು ಮೇಡಂ. ನೋಡಿ, ನಿಮ್ಮ ಕೈಲೇ ಇದೆ.”

ತಗಡಿನ ಸುತ್ತ ಇದ್ದ ಕಾಗದವನ್ನು ನಾನು ನೋಡಿಯೇ ಇರಲಿಲ್ಲ. ಮಡಿಕೆ ಬಿಡಿಸಿದೆ. ಜೆರಾಕ್ಸ್ ಪ್ರತಿ. ಏಳೆಂಟು ಸಾಲು, ಓರೆ ಅಕ್ಷರ. “ಒಂದೇ ನಂಬರಿನಲ್ಲಿ ಎರಡು ಬಸ್ಸು ಓಡುತ್ತಿವೆ. ತೀರ್ಥಹಳ್ಳಿಯಿಂದ ಹೊರಡುವ ಬಸ್ಸಿಗೆ ಬ್ರೇಕ್ ಇಲ್ಲ. ತಾವು ದಯಮಾಡಿ ಬಂದು ನೋಡಬೇಕು. ನನ್ನ ಹೆಸರು ಮಾಲೀಕರಿಗೆ ತಿಳಿಸಬಾರದಾಗಿ ಕೈಮುಗಿದು ಕೇಳುತ್ತೇನೆ. ಇಂತಿ, ಡ್ರೈವರ್ ಶೇಷಪ್ಪ.”

ಬಲ ಮೂಲೆಯಲ್ಲಿ ನಮ್ಮ ಆಫೀಸಿನ ಸ್ವೀಕೃತಿಯ ಮೊಹರು. ಕಳೆದ ತಿಂಗಳ ದಿನಾಂಕ. ಎಡ ಅಂಚಿನಲ್ಲಿ, ಅಡ್ಡವಾಗಿ, ಒಂದು ಸಾಲಿನ ಷರಾ:

“ಸಂಬಂಧಪಟ್ಟ ಮಾಲೀಕರಿಗೆ ಪ್ರತಿ ಕಳುಹಿಸಿ, ವಿವರಣೆ ಪಡೆದು ಮಂಡಿಸಿ.”

ಪ್ರತಿ ದೂರಿನ ಮೇಲೂ ನಾವು ಬರೆಯುವುದು ಇದನ್ನೇ. ಇದನ್ನು ಬರೆಯಲು ಅರ್ಜಿಯನ್ನು ಓದಬೇಕಾಗಿಲ್ಲ. ಗಾಡಿ ನಂಬರು ಕಂಡರೆ ಸಾಕು, ಕೈ ತಾನಾಗಿ ಬರೆಯುತ್ತದೆ. ಕೆಳಗೆ ಸಹಿ, ಸೊಟ್ಟಗೆ ಎಳೆದ ಎರಡು ಗೆರೆ, ಒಂದು ಚುಕ್ಕೆ.

ಆ ಚುಕ್ಕೆಯನ್ನು ನಾನು ಹನ್ನೊಂದು ವರ್ಷದಿಂದ ಹಾಗೆಯೇ ಇಡುತ್ತ ಬಂದಿದ್ದೇನೆ.

ಪೂರ್ಣೇಶ್ ಹೇಳಿದ ಉಪಕಾರ ಯಾವುದೆಂದು ಈಗ ತಿಳಿಯಿತು. ಬೆಂಚಿನ ಮೇಲೆ ಕೂತೆ. ಈ ಕಾಗದ ಕೊಟ್ಟರೆ ಶೇಷಪ್ಪ ಉಳಿಯುತ್ತಾನೆ. ಅವನು ಮೊದಲೇ ಹೇಳಿದ್ದ, ಕೈಮುಗಿದು ಹೇಳಿದ್ದ. ಕೊಟ್ಟರೆ ನಾನು ಉಳಿಯುವುದಿಲ್ಲ. ಕೊಡದಿದ್ದರೆ ಇವತ್ತಿಗಂತೂ ಯಾರಿಗೂ ಗೊತ್ತಾಗುವುದಿಲ್ಲ. ತಗಡೊಂದೇ ಸಾಕು, ಪೂರ್ಣೇಶ್ ಒಳಗೆ ಹೋಗುತ್ತಾನೆ. ಜೊತೆಗೆ ಶೇಷಪ್ಪನೂ ಹೋಗುತ್ತಾನೆ, ಅಷ್ಟೆ.

ಹಾಗೊಂದು ಲೆಕ್ಕ ನನ್ನ ತಲೆಯಲ್ಲಿ ಬಂದದ್ದಕ್ಕೇ ನಾಚಿಕೆಯಾಯಿತು. ಆದರೆ ಬಂತು.

“ದಿನಾ ಬಾಗ್ಲು ನೋಡೋರು ಮೇಡಂ,” ಎಂದಳು ಗುತ್ಯಮ್ಮ. “ಇವತ್ತು ಬರ್ತಾರೆ, ನಾಳೆ ಬರ್ತಾರೆ, ಎಫ್‌ಸಿ ಮಾಡಿದ ಮೇಡಂ ಒಳ್ಳೆಯವ್ರು, ಅವ್ರೇ ಬರ್ತಾರೆ ಅಂತ.”

ಸ್ಟೇಷನ್ನಿನ ಮೆಟ್ಟಿಲಲ್ಲಿ ಶ್ರೀಕರ ಕಾಣಿಸಿಕೊಂಡರು. ಕೈಯಲ್ಲಿ ನನ್ನ ವರದಿಯ ನಮೂನೆ, ಕಿವಿಯ ಮೇಲೆ ಪೆನ್ನು.

“ಮೇಡಂ, ಐದಾಗ್ತಾ ಬಂತು. ಏನೋ ಸಿಕ್ಕಿದ ಹಾಗಿದೆಯಲ್ಲ? ಲಗತ್ತು ಎಷ್ಟು ಅಂತ ಬರ್ಕೊಳ್ಲಿ? ಒಂದಾ, ಎರಡಾ?”

ನಾನು ಬಾಯಿ ತೆರೆದೆ. ಗುತ್ಯಮ್ಮ ನಡುವೆ ಬಂದಳು. ಅರ್ಜಿಯ ಅಂಚಿನ ಆ ಸೊಟ್ಟ ಗೆರೆಯ ಮೇಲೆ ಬೆರಳಿಟ್ಟಳು.

“ಅದು ಆಮೇಲೆ ಬರ್ಕೊಳಿ ಸಾರ್. ನಂಗೆ ಓದಕ್ಕೆ ಬರಲ್ಲ. ಮೊದ್ಲು ಈ ಸಹಿ ಯಾರ್ದು ಅಂತ ಹೇಳಿ ಮೇಡಂ.”